ಓದದೆ ಬಿಟ್ಟ ಸಾಲುಗಳು

ತಾಳ್ಯ, ೧೫ ಡಿಸೆಂಬರ್ ೧೯೧೮, ಭಾನುವಾರ

ಶಿವಗಂಗಮ್ಮನಿಗೆ ಇಂದು ಸುಳ್ಳು ಹೇಳಿದೆ. ಕುದುರೆಪಡೆ ಸೇರಿರುವ ಮಗ ಮರುಳಸಿದ್ದ ಯುದ್ಧಭೂಮಿಯಿಂದ ಬರೆದ ಕಾಗದ ಓದಿಸಿಕೊಳ್ಳಲು ನಮ್ಮ ಜಗಲಿಗೆ ಬಂದಿದ್ದಳು. ಶತ್ರುಗಳ ಕೈಯಲ್ಲಿದ್ದ ಒಂದು ಊರನ್ನು ಗೆದ್ದರಂತೆ, ಅಲ್ಲಿಯ ಜನರಿಗೆ ಬಿಡುಗಡೆ ಆಯಿತೆಂದು ಸಾಹೇಬರು ಹೇಳಿದರಂತೆ. ಅಷ್ಟನ್ನು ಗಟ್ಟಿಯಾಗಿ ಓದಿದೆ. ಕೊನೆಯ ಸಾಲುಗಳು ನನಗೆಂದೇ ಇದ್ದವು: "ಮೇಷ್ಟ್ರೇ, ನನ್ನ ಭರ್ಜಿಗೆ ಸಿಕ್ಕವನಿಗೆ ಇನ್ನೂ ಮೀಸೆ ಬಂದಿರಲಿಲ್ಲ. ಅಂದಿನಿಂದ ಲಿಂಗವನ್ನು ಅಂಗೈ ಮೇಲಿಟ್ಟರೆ ಕೈ ನಡುಗುತ್ತದೆ. ಪೂಜೆ ಬಿಟ್ಟಿದ್ದೇನೆ."

"ಪೂಜೆ ತಪ್ಪಿಸಿಲ್ಲ ಅಲ್ವೇನ್ರಿ ಮೇಷ್ಟ್ರೇ?" ಎಂದಳು.

"ದಿನಾ ಮಾಡ್ತಾನಂತೆ ಕಣಮ್ಮ."

"ಅಷ್ಟು ಸಾಕು ಬಿಡ್ರಿ. ಲಿಂಗ ಕೈಯಾಗೈತೆ ಅಂದ್ರೆ ನನ್ ಮಗ ನೆಟ್ಟಗೈದಾನೆ."

ಅವನನ್ನು ಕಳಿಸಿದವನು ನಾನು. ಈ ಯುದ್ಧದಲ್ಲಿ ಇಂಗ್ಲಿಷರ ಜೊತೆ ನಿಂತರೆ ನಾಳೆ ನಮಗೂ ಸ್ವರಾಜ್ಯ ಕೊಡುತ್ತಾರೆ, ಸ್ವಾತಂತ್ರ್ಯಕ್ಕಾಗಿ ಕತ್ತಿ ಹಿಡಿದರೆ ಪಾಪವಿಲ್ಲ ಎಂದು ದುರ್ಗದ ಕೋಟೆ ತೋರಿಸುತ್ತಾ ಹೇಳಿದ್ದೆ. ಈಗಲೂ ಅದು ಪೂರ್ತಿ ತಪ್ಪೆನಿಸುವುದಿಲ್ಲ. ಸುಮ್ಮನೆ ಕೇಳಿದರೆ ಯಾರು ಕೊಡುತ್ತಾರೆ ಬಿಡುಗಡೆಯನ್ನು? ಆದರೆ ಆ ಮೀಸೆ ಬಾರದ ಹುಡುಗ ನಮ್ಮ ಯಾವ ಸ್ವಾತಂತ್ರ್ಯವನ್ನು ಕಿತ್ತುಕೊಂಡಿದ್ದ? ಮಾತು ನನ್ನದು, ಕೈ ಮರುಳಸಿದ್ದನದು.

ಸಂಜೆ ಸ್ನಾನ ಮಾಡಿ, ವಿಭೂತಿ ಧರಿಸಿ ಪೂಜೆಗೆ ಕುಳಿತೆ. ಕರಡಿಗೆಯಿಂದ ಲಿಂಗ ತೆಗೆಯುವಾಗ ಭಯವಿತ್ತು. ಎಡಗೈ ಮೇಲೆ ಇಟ್ಟುಕೊಂಡು ಬಹಳ ಹೊತ್ತು ನೋಡುತ್ತಾ ಕುಳಿತೆ. ನನ್ನ ಕೈ ಒಂದಿಷ್ಟೂ ನಡುಗಲಿಲ್ಲ.

ನಡುಗಬೇಕಿತ್ತಲ್ಲ.