ಕಮ್ಮಾರ ‘ಬರ್ತೀನಿ’ ಅಂದ

ಮಾರ್ಚ್ 3, ಸೋಮವಾರ. ಬೆಳಿಗ್ಗೆ

ಈ ಮೂಲಕ ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ, ಇಂದಿನಿಂದ ಈ ಮನೆಯ ಊಟದ ಮೇಜಿನ ಮೇಲೆ ‘ಥಿಯರಿ’ ಎಂಬ ಪದಾರ್ಥವನ್ನು ಯಾರೂ ಬಡಿಸತಕ್ಕದ್ದಲ್ಲ. ಬಡಿಸಿದರೂ ಯಾರೂ ಮುಟ್ಟತಕ್ಕದ್ದಲ್ಲ. ತಪ್ಪಿದವರು ಪಾತ್ರೆ ತೊಳೆಯತಕ್ಕದ್ದು.

ಘೋಷಣೆಯನ್ನು ಬಚ್ಚಲುಮನೆಯ ಕನ್ನಡಿಯ ಮುಂದೆ ಎರಡು ಸಲ ಓದಿದೆ. ಗಾಂಭೀರ್ಯ ಚೆನ್ನಾಗಿ ಬಂತು. ಮೇಜಿನ ಹತ್ತಿರ ಬಂದ ಮೇಲೆ ಬಾಯಿಂದ ಹೊರಬಿದ್ದದ್ದು — “ಟೀಗೆ ಸಕ್ಕರೆ ಸಾಕಾ?”

ಮೈದುನ ಆಗಲೇ ಶುರು ಹಚ್ಚಿಕೊಂಡಿದ್ದ. ಮೂವತ್ತು ದಾಟಿದ ಗಂಡಸು. ಫಿಸಿಯೋಥೆರಪಿಸ್ಟ್, ಜನರ ಮೊಣಕಾಲು ಮಡಿಸಿ ಬಿಡಿಸಿ ಸಂಪಾದನೆ. ಉಳಿದ ಹೊತ್ತೆಲ್ಲ ಮಹಡಿಯ ರೂಮಿನಲ್ಲಿ ಕೂತು ಆ ಆಟದ ಬಗ್ಗೆ ವಿಡಿಯೋ ಮಾಡಿ ಹಾಕುತ್ತಾನೆ. ಅವನು ಕಾಲೇಜಿನಲ್ಲಿದ್ದಾಗ ಆಡಿದ ವಿಡಿಯೋ ಗೇಮು. ಈಗ ಅದನ್ನೇ ಹೊಸದಾಗಿ ಮಾಡುತ್ತಿದ್ದಾರೆ — ರೀಮೇಕ್. ಹಳೆಯದರಲ್ಲಿ ಒಬ್ಬ ಕಮ್ಮಾರ ಇದ್ದ. ಊರು ಉಳಿಸಲು ಗಣಿಯೊಳಗೆ ಹೋದ, ಗಣಿ ಕುಸಿಯಿತು, ಸತ್ತ. ಹೊಸದರಲ್ಲಿ ಸಾಯುತ್ತಾನೋ, ಉಳಿಯುತ್ತಾನೋ? ಅದರ ಬಗ್ಗೆ ದಿನಕ್ಕೊಂದು ಊಹೆ; ಅದೇ ‘ಥಿಯರಿ’. ಲೋಕದ ಸಮಸ್ಯೆಗಳೆಲ್ಲ ಬಗೆಹರಿದು ಇದೊಂದೇ ಬಾಕಿ ಇರುವುದು.

“ಎಡ ಮೊಣಕಾಲು ನೋಡಿ ಅತ್ತಿಗೆ,” ಅಂತ ಫೋನನ್ನು ನನ್ನ ತಟ್ಟೆಗೇ ತಂದಿಟ್ಟ. “ಹಳೇದ್ರಲ್ಲಿ ಕುಂಟ್ತಿದ್ದ. ಈ ಟೀಸರ್‌ನಲ್ಲಿ ಪೂರ್ತಿ ಭಾರ ಹಾಕಿ ನಡೀತಿದಾನೆ. ಸಾಯೋನಿಗೆ ಯಾರಾದ್ರೂ ಮೊಣಕಾಲು ರಿಪೇರಿ ಮಾಡಿಸ್ತಾರಾ?”

“ಮಾಡ್ಸಲ್ಲ,” ಅಂದರು ಇವರು, ಉತ್ತರಪತ್ರಿಕೆಯಿಂದ ತಲೆ ಎತ್ತದೆ. ಗಣಿತದ ಮೇಷ್ಟ್ರು. ತರ್ಕ ಸರಿಯಿದ್ದರೆ ಸಾಕು, ಹೆಂಡತಿ ಕಡೆ ನೋಡಬೇಕಾಗಿಲ್ಲ.

ಮೇಜಿನ ತುದಿಯಲ್ಲಿ ಅತ್ತೆ. ಮಾವ ತೀರಿಕೊಂಡ ಮೇಲೆ ಆ ಕುರ್ಚಿ ಅವರದು. ಅಲ್ಲಿ ಕೂತು ಎಲ್ಲ ಕೇಳಿಸಿಕೊಳ್ಳುತ್ತಾರೆ, ಏನೂ ಅನ್ನುವುದಿಲ್ಲ. ಅದೊಂದು ಪುಣ್ಯ.

ಮಾರ್ಚ್ 4

ಹೊಟ್ಟೆಯಲ್ಲಿ ಇಟ್ಟುಕೊಂಡು ಸಾಕಾಗಿದೆ. ಇಲ್ಲಾದರೂ ಬರೆಯುತ್ತೇನೆ.

ಆ ಆಟದ ಕನ್ನಡ ಸಬ್‌ಟೈಟಲ್ ಮಾಡುತ್ತಿರುವವಳು ನಾನು.

ಕಂಪನಿಯವರಿಗೆ ಸಹಿ ಹಾಕಿ ಕೊಟ್ಟಿದ್ದೇನೆ — ಆಟ ಬಿಡುಗಡೆಯಾಗುವ ತನಕ ಗಂಡನಿಗೂ ಹೇಳುವುದಿಲ್ಲ ಅಂತ. ಮನೆಯವರ ಲೆಕ್ಕದಲ್ಲಿ ನಾನು ಎಂದಿನ ಹಾಗೆ ಫ್ರಿಜ್ಜು, ಮಿಕ್ಸರುಗಳ ಕೈಪಿಡಿ ಅನುವಾದ ಮಾಡುತ್ತಿದ್ದೇನೆ. “ಉಪಕರಣವನ್ನು ಒದ್ದೆ ಕೈಯಲ್ಲಿ ಮುಟ್ಟಬಾರದು.” ಹನ್ನೊಂದು ವರ್ಷ ಇದೇ. ಮೊದಲ ಸಲ ಮನುಷ್ಯರು ಮಾತಾಡುವ ಕೆಲಸ ಸಿಕ್ಕಿದೆ. ಅರ್ಧ ಮುಗಿಸಿ ಕೊಟ್ಟಾಗಿದೆ, ಇನ್ನರ್ಧ ಬರಬೇಕು. ಬೇರೆ ಯಾವ ಕೆಲಸಕ್ಕೂ ಹೀಗೆ ಆಸೆಪಟ್ಟು ಕಾದದ್ದಿಲ್ಲ.

ಮೇಜಿನ ಮೇಲಿನ ಆ ಪ್ರಶ್ನೆಗೆ ಉತ್ತರ? ನನಗೂ ಗೊತ್ತಿಲ್ಲ! ಸಾಲುಗಳು ಬರುವುದು ಕಲೆಸಿದ ಇಸ್ಪೀಟು ಎಲೆಗಳ ಹಾಗೆ. ಯಾರು ಹೇಳಿದ್ದು, ಏನು ಹೇಳಿದ್ದು — ಅಷ್ಟೇ. ಎಲ್ಲಿ, ಯಾಕೆ, ಬದುಕಿದ್ದಾಗಲೋ ಸಾಯುವಾಗಲೋ, ದೇವರೇ ಬಲ್ಲ.

ಮಾರ್ಚ್ 7, ಶುಕ್ರವಾರ. ಮಧ್ಯಾಹ್ನ

ಕನ್ನಡ ಸಬ್‌ಟೈಟಲ್ ಹಾಕಿದ ಟ್ರೇಲರ್ ಬಂತಂತೆ. ಮೈದುನ ಮೆಟ್ಟಿಲನ್ನು ಎರಡೆರಡು ಹಾರಿ ಕೆಳಗಿಳಿದ. ರೋಗಿಗಳಿಗೆ ಮಾಡಬೇಡಿ ಅನ್ನುವುದು ಇದನ್ನೇ.

“ಅತ್ತಿಗೆ! ಸಾಕ್ಷಿ ಸಿಕ್ತು!”

ಗಣಿಯ ಬಾಯಿ. ಮುಖಕ್ಕೆಲ್ಲ ಮಸಿ ಮೆತ್ತಿಕೊಂಡ ಕಮ್ಮಾರ ತಿರುಗಿ ನೋಡುತ್ತಾನೆ. ತುಟಿ ಅಲ್ಲಾಡುತ್ತದೆ. ಕೆಳಗೆ ನನ್ನ ಸಾಲು —

*ಬರ್ತೀನಿ.*

ಓಹೋ, ಇಲ್ಲಿಯದಾ ಇದು? ಊಟ ಮುಗಿಸಿ ಬಂದು ತೂಕಡಿಸುತ್ತ ಬರೆದ ಸಾಲು. ಮೇಲಿನದು “ಸುತ್ತಿಗೆ ಕೊಡು”, ಕೆಳಗಿನದು “ಕೋಳಿ ಎಲ್ಲಿ?” ಮೂಲದಲ್ಲಿ ಇದ್ದದ್ದು ಹೊರಡುವವರು ಹೇಳುವ ಸಾದಾ ಮಾತು. ನಮ್ಮಲ್ಲಿ ಹೊರಡುವವರು ಏನನ್ನುತ್ತಾರೋ ಅದನ್ನೇ ಹಾಕಿದೆ.

“ಬರ್ತೀನಿ ಅಂದ! ಹೋಗ್ತೀನಿ ಅನ್ಲಿಲ್ಲ, ನೋಡಿ. ಅಂದ್ರೆ ವಾಪಸ್ ಬರ್ತಾನೆ.”

“ಹೊರಡುವಾಗ ಎಲ್ಲರೂ ಹಾಗೇ ಅಲ್ವೇನೋ ಅನ್ನೋದು? ಬೆಳಿಗ್ಗೆ ಕ್ಲಿನಿಕ್ಕಿಗೆ ಹೋಗುವಾಗ ನೀನೇನಂದೆ?”

“ಬರ್ತೀನಿ ಅಂದೆ. ಬಂದೆ ತಾನೇ?”

ಫ್ರಿಜ್ಜು ತೆರೆದು ಮೊಸರು ಹುಡುಕತೊಡಗಿದೆ.

“ಆ ಅನುವಾದಕ ಇದಾನಲ್ಲ, ಭಾರಿ ಕಿಲಾಡಿ ಅತ್ತಿಗೆ. ಪೂರ್ತಿ ಕಥೆ ಗೊತ್ತವನಿಗೆ. ಬಾಯಿಬಿಟ್ಟು ಹೇಳೋ ಹಾಗಿಲ್ಲ. ಅದಕ್ಕೇ ಒಂದೇ ಪದದಲ್ಲಿ ಸುಳಿವು ಇಟ್ಟಿದಾನೆ.”

ಇದಾನೆ. ಕಿಲಾಡಿ. ತೂಕಡಿಸುವ ಕಿಲಾಡಿ.

“ಪಾಪ, ಸುಮ್ಮನೆ ಬರೆದಿರಬಹುದು.”

“ಇದು ನಿಮ್ಮ ಫ್ರಿಜ್ ಕೈಪಿಡಿ ಅಲ್ಲ ಅತ್ತಿಗೆ. ಸಾಹಿತ್ಯ ಇದು.”

ಫ್ರಿಜ್ಜಿನ ಬಾಗಿಲು ದಢಾರಂತ ಹಾಕಿದೆ. “ಬಾಗಿಲನ್ನು ಮೃದುವಾಗಿ ಮುಚ್ಚಿರಿ” — ಪುಟ ನಾಲ್ಕು, ಅನುವಾದ ನನ್ನದೇ.

ಮಾರ್ಚ್ 9

ಥಿಯರಿಗೆ ನಾಮಕರಣವಾಗಿದೆ. ‘ಬರ್ತೀನಿ ಥಿಯರಿ’. ಕನ್ನಡದ ಗಂಧಗಾಳಿ ಇಲ್ಲದವರೂ ಅಕ್ಷರ ಕಾಪಿ ಮಾಡಿ ಅಂಟಿಸುತ್ತಿದ್ದಾರೆ. ಒಬ್ಬ ಮಹಾನುಭಾವ ‘ಬರ್ತೀನಿ’ ಅಂತ ಟೀ ಶರ್ಟ್ ಮಾಡಿಸಿದ್ದಾನೆ. ಅಕ್ಷರ ತಲೆಕೆಳಗು.

ಇನ್ನೊಬ್ಬರ ಸಂಶೋಧನೆ: ‘ನಿ’ಯ ಗುಡಿಸು ಸುತ್ತಿಗೆಯ ಆಕಾರದಲ್ಲಿದೆಯಂತೆ. ಅದು ನಿಯ ಗುಡಿಸು ಕಣ್ರಪ್ಪಾ. ಎಲ್ಲ ನಿಗೂ ಹಾಗೇ ಇರುತ್ತದೆ.

ಮೈದುನನ ವಿಡಿಯೋ ನೋಡುವವರು ಒಂದಕ್ಕೆ ನಾಲ್ಕಾಗಿದ್ದಾರೆ. ನಡಿಗೆಯೇ ಬದಲಾಗಿದೆ. ಎಡ ಮೊಣಕಾಲಿಗೆ ಪೂರ್ತಿ ಭಾರ.

ಮಾರ್ಚ್ 12

ಕಂಪನಿಯ ಕೋಆರ್ಡಿನೇಟರ್ ಮೇಲ್. ಮುಖ ನೋಡಿಲ್ಲ, ದನಿ ಕೇಳಿಲ್ಲ. ಪ್ರತಿ ವಾಕ್ಯಕ್ಕೂ ಒಂದು ಆಶ್ಚರ್ಯಚಿಹ್ನೆ ಹಾಕುತ್ತಾಳೆ, ಹಾಗಾಗಿ ನನ್ನ ಲೆಕ್ಕದಲ್ಲಿ ಆಶ್ಚರ್ಯಮ್ಮ. ಕನ್ನಡ ಬಾರದು.

ನಿಮ್ಮ ಒಂದು ಸಾಲಿನಿಂದ ಅಭಿಮಾನಿಗಳಲ್ಲಿ ತಪ್ಪು ನಿರೀಕ್ಷೆ ಹುಟ್ಟಿದೆ! ಅಥವಾ ಸರಿಯಾದ ನಿರೀಕ್ಷೆ ಮೊದಲೇ ಹುಟ್ಟಿದೆ! ಎರಡೂ ಕೆಟ್ಟದ್ದು! ದಯವಿಟ್ಟು ಬದಲಾಯಿಸಿ!

ಮೇಲಿಂದ ಮೇಲೆ ಪತ್ರವ್ಯವಹಾರ.

“ಅವನು ಬರುತ್ತಿದ್ದಾನೋ, ಹೋಗುತ್ತಿದ್ದಾನೋ?!”

“ಹೋಗುತ್ತಿದ್ದಾನೆ.”

“ಹಾಗಾದರೆ ಬರ್ತೀನಿ ಅಂತ ಯಾಕೆ ಅನ್ನುತ್ತಾನೆ?!”

“ಹೋಗುತ್ತಿದ್ದಾನಲ್ಲ, ಅದಕ್ಕೇ.”

ಪಾಪ, ಇದಕ್ಕೆ ಯಾವ ಚಿಹ್ನೆ ಹಾಕುವುದೆಂದು ಹುಡುಕಿದಳೇನೋ.

ಆಮೇಲೆ ಯಾವುದೋ ಮೆಷಿನ್ನಿನಿಂದ ತೆಗೆದ ಎರಡು ಪರ್ಯಾಯ ಕಳಿಸಿದಳು. ಒಂದು, ‘ಹೋಗ್ತೀನಿ’. ಹೆಂಡತಿ ಜೊತೆ ಜಗಳ ಆಡಿ ಚಪ್ಪಲಿ ಮೆಟ್ಟಿದವನ ಮಾತದು. ಎರಡು, ‘ವಿದಾಯ’. ಕುಲುಮೆ ಮುಂದೆ ಆಯುಷ್ಯ ಕಳೆದ ಮನುಷ್ಯ ಗಣಿ ಬಾಗಿಲಲ್ಲಿ ನಿಂತು “ವಿದಾಯ” ಅನ್ನಬೇಕಂತೆ! ಕೈಗೊಂದು ಮೈಕು ಕೊಟ್ಟುಬಿಡಿ, ಶಾಲೂ ಇರಲಿ.

ಆಗುವುದಿಲ್ಲ ಅಂತ ಬರೆದೆ.

ಮಾರ್ಚ್ 15

ಎರಡೂವರೆ ಪುಟ ವ್ಯಾಕರಣ ಕಳಿಸಿದ್ದೆ. ಉತ್ತರ ಇವತ್ತು ಬಂತು. ಸೋಮವಾರದ ಒಳಗೆ ‘ವಿದಾಯ’ ಹಾಕಿ ಕೊಡಬೇಕು. ಇಲ್ಲದಿದ್ದರೆ ಅವರೇ ಹಾಕಿಕೊಳ್ಳುತ್ತಾರೆ, ಉಳಿದರ್ಧ ಕೆಲಸಕ್ಕೆ ಬೇರೆಯವರನ್ನು ನೋಡಿಕೊಳ್ಳುತ್ತಾರೆ.

ಒಂದು ಪದ ತಾನೇ. ಹಾಕಿ ಬಿಸಾಕಿದರಾಯಿತು. ಹೊಸದು ಬರೆಯಲು ಫೈಲ್ ತೆರೆದೆ. ‘ವಿ’ ಒತ್ತಿದೆ. ಅಳಿಸಿದೆ. ಮತ್ತೆ ಒತ್ತಿದೆ.

ಇದನ್ನು ಯಾರಿಗೂ ಹೇಳುವ ಹಾಗಿಲ್ಲ. ಹೇಳಿದರೆ ಅರ್ಥವಾಗಬಹುದಾದ ಒಬ್ಬನೇ ಒಬ್ಬ ಮಹಡಿ ಮೇಲೆ ನನ್ನ ಮೇಲೇ ವಿಡಿಯೋ ಮಾಡುತ್ತಿದ್ದಾನೆ.

ಮಾರ್ಚ್ 16, ಭಾನುವಾರ. ಊಟವಾದ ಮೇಲೆ

ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ಊಟಕ್ಕೆ ಕೂತಿದ್ದೆವು. ಮೈದುನ ಶುರು ಮಾಡಿದ. ಕನ್ನಡ ಟ್ರೇಲರ್‌ನಲ್ಲಿ ಇನ್ನೂ ಯಾರ್ಯಾರು ಬರ್ತೀನಿ ಅಂದರು, ಅವರಲ್ಲಿ ಯಾರ್ಯಾರು ಮುಂದಿನ ದೃಶ್ಯಗಳಲ್ಲಿ ಮತ್ತೆ ಬಂದರು. ಅಂಗಡಿಯವನು ಬಂದ. ಕಾವಲುಗಾರ ಬಂದ. ಕೋಳಿಯವಳು ಬಂದಳು.

“ನೂರಕ್ಕೆ ನೂರು ಅತ್ತಿಗೆ. ಬರ್ತೀನಿ ಅಂದೋರು ಬಂದೇ ಬರ್ತಾರೆ. ಇಲ್ಲಾಂದ್ರೆ ಆ ಮಾತಿಗೇನು ಅರ್ಥ?”

“ನಿಮ್ಮಪ್ಪ ಬಂದ್ರೇನೋ?”

ಮೇಜಿನ ತುದಿಯಿಂದ. ಜೋರಾಗಿ ಏನೂ ಅಲ್ಲ. ತಟ್ಟೆ ನೋಡಿಕೊಂಡೇ ಅಂದರು ಅತ್ತೆ.

ಇವರು ಕೈ ನಿಲ್ಲಿಸಿದರು. ಮಾವ ಹೃದಯದ ಆಪರೇಷನ್‌ಗೆ ಒಳಗೆ ಹೋದವರು ಹೊರಗೆ ಬರಲಿಲ್ಲ. ನಾಲ್ಕು ವರ್ಷ ಆಯಿತು. ಈ ಮೇಜಿನಲ್ಲಿ ಆ ಮಾತು ಯಾರೂ ಎತ್ತುವುದಿಲ್ಲ.

“ಅಮ್ಮ, ಇದು ಬರೀ ಗೇಮು…” ಅಂದ ಮೈದುನ.

“ಗೊತ್ತು ಕಣೋ, ಹದಿನೈದು ದಿನದಿಂದ ಕೇಳ್ತಿದೀನಲ್ಲ. ಕಿವಿಗೇನು ಬಾಗಿಲು ಇದೆಯಾ ನನಗೆ? ಸ್ಟ್ರೆಚರ್ ಮೇಲೆ ಮಲಗಿಸಿ ತಳ್ಕೊಂಡು ಹೋಗ್ತಿದ್ರು. ಆ ದೊಡ್ಡ ಬಾಗಿಲ ಹತ್ರ ಒಂಚೂರು ನಿಲ್ಸಿದ್ರು. ನನ್ನ ಕಡೆ ತಿರುಗಿ, ಬರ್ತೀನಿ ಕಣೇ ಅಂದ್ರು. ಹಾಗಂತ ಸುಳ್ಳು ಹೇಳಿದ್ರು ಅಂತೀಯಾ? ಹೊರಡೋರು ಇನ್ನೇನಂತಾರೆ?”

ಮೈದುನನ ಮುಖ ನೋಡಲಾಗಲಿಲ್ಲ.

ಅತ್ತೆ ಎರಡು ತುತ್ತು ತಿಂದರು. ಆಮೇಲೆ ಮೆಲ್ಲಗೆ, ತಮಗೇ ಎಂಬಂತೆ —

“ನಾನೂ ಥಿಯರಿ ಮಾಡ್ದೆ. ಒಂದು ವಾರ ಮುಂಬಾಗಿಲ ಚಿಲಕಾನೇ ಹಾಕಲಿಲ್ಲ.”

ಇವರು ಎದ್ದು ಹೋಗಿ ಅಮ್ಮನ ಲೋಟಕ್ಕೆ ನೀರು ಹಾಕಿದರು. ಆಗಲೇ ತುಂಬಿತ್ತು. ಮೇಜಿಗೆಲ್ಲ ಚೆಲ್ಲಿತು.

“ನೋಡಿ ಹಾಕೋ, ಕಣ್ಣು ಎಲ್ಲಿಟ್ಟಿದೀಯ,” ಅಂತ ಅತ್ತೆ ಬೈದರು. ಅಬ್ಬ. ಬೈದರಲ್ಲ.

ಮಾರ್ಚ್ 17, ಸೋಮವಾರ

ಆಶ್ಚರ್ಯಮ್ಮನಿಗೆ ಬರೆದೆ. ಈ ಸಲ ವ್ಯಾಕರಣ ಇಲ್ಲ. ಬಾಗಿಲು, ಸ್ಟ್ರೆಚರ್, ಒಂದು ವಾರ ಹಾಕದ ಚಿಲಕ. ನಮ್ಮ ಭಾಷೆಯಲ್ಲಿ ಹೋಗುವವರು ಹೇಳುವುದು ಇದನ್ನೇ, ಉಳಿದವರು ಇಟ್ಟುಕೊಳ್ಳುವುದೂ ಇದನ್ನೇ. ನಿಮ್ಮ ಕಮ್ಮಾರ ಸಾಯುತ್ತಾನೋ ಬಿಡುತ್ತಾನೋ, ನನಗೆ ತಿಳಿಸಿಲ್ಲ. ತಿಳಿಸಿದ್ದರೂ ಇದನ್ನೇ ಬರೆಯುತ್ತಿದ್ದೆ. ‘ವಿದಾಯ’ ನಾನು ಹಾಕುವುದಿಲ್ಲ. ನೀವು ಹಾಕುವುದಾದರೆ ಕೊನೆಯಲ್ಲಿ ಬರುವ ಪಟ್ಟಿಯಿಂದ ನನ್ನ ಹೆಸರು ತೆಗೆಯಿರಿ.

ಕಳಿಸಿದ ಮೇಲೆ ಇನ್ನೊಮ್ಮೆ ಓದಿದೆ. ಮನೆಯ ಸಾವನ್ನು ಒಂದು ಸಬ್‌ಟೈಟಲಿಗೆ ಸಾಕ್ಷಿ ನಿಲ್ಲಿಸಿದೆನಲ್ಲ. ಅತ್ತೆಯನ್ನು ಕೇಳಲೂ ಇಲ್ಲ.

ಮಾರ್ಚ್ 20

ಮೇಲ್ ಇಲ್ಲ.

ಥಿಯರಿಯೂ ಇಲ್ಲ. ಮೂರು ದಿನದಿಂದ ಮೇಜಿನ ಮೇಲೆ ಚಮಚದ ಸದ್ದೊಂದೇ. ಬೇಡಿಕೊಂಡದ್ದು ಸಿಕ್ಕಿತಲ್ಲ, ಅನುಭವಿಸು.

ಸಂಜೆ ಮೈದುನ ಅಡುಗೆಮನೆಗೆ ಬಂದು ಕಟ್ಟೆಗೆ ಒರಗಿ ನಿಂತ. ತರಕಾರಿ ಹೆಚ್ಚುತ್ತಿದ್ದೆ.

“ಅತ್ತಿಗೆ, ಆ ಸಾಲು ಬರೆದೋರು ಸುಳಿವು ಗಿಳಿವು ಏನೂ ಇಟ್ಟಿಲ್ಲ ಅನ್ಸತ್ತೆ.”

ಬರೆದೋರು. ಬಡ್ತಿ.

“ಮತ್ತೆ?”

“ಸುಮ್ಮನೆ ಸರಿಯಾಗಿ ಬರೆದಿದಾರೆ, ಅಷ್ಟೇ.”

ಹನ್ನೊಂದು ವರ್ಷದಲ್ಲಿ ನನ್ನ ಕೆಲಸದ ಬಗ್ಗೆ ಯಾರೂ ಇಷ್ಟು ಒಳ್ಳೆಯ ಮಾತು ಆಡಿಲ್ಲ. ಕಣ್ಣು ಒರೆಸಿಕೊಂಡೆ.

“ಈರುಳ್ಳಿನಾ?” ಅಂದ.

“ಹೂಂ,” ಅಂದೆ. ಹೆಚ್ಚುತ್ತಿದ್ದದ್ದು ಕ್ಯಾರೆಟ್ಟು.

ಹೊರಟವನು ಬಾಗಿಲಲ್ಲಿ ತಿರುಗಿದ. “ಆದ್ರೂ ಆ ಮೊಣಕಾಲು…”

“ಹೋಗೋ ಆ ಕಡೆ!”

ಮಾರ್ಚ್ 26, ಬುಧವಾರ

ಉತ್ತರ ಬಂತು. ಒಂದೂ ಆಶ್ಚರ್ಯಚಿಹ್ನೆ ಇಲ್ಲ. ಓದುವ ಮೊದಲೇ ಹೆದರಿಕೆಯಾಯಿತು.

ಸಾಲು ಇದ್ದ ಹಾಗೇ ಇರುತ್ತದೆ. ಮೇಲಿನವರೂ ಒಪ್ಪಿದ್ದಾರೆ. ನಿಮ್ಮ ಅತ್ತೆಗೆ ನನ್ನ ನಮಸ್ಕಾರ ತಿಳಿಸಿ.

ಆಮೇಲೆ ಇನ್ನೊಂದು ಪ್ಯಾರಾ. ಉತ್ತರ ತಡವಾದದ್ದರಿಂದ ಉಳಿದರ್ಧವನ್ನು ಅಷ್ಟರಲ್ಲಿ ಬೇರೆಯವರಿಗೆ ಕೊಟ್ಟಾಗಿದೆ. ಕ್ಷಮಿಸಿ.

ತಡ ಮಾಡಿದವರು ಅವರು! ನಾನು ಸೋಮವಾರವೇ ಕಳಿಸಿದ್ದೆ. ಇದನ್ನು ಗೋಡೆಗೆ ಎರಡು ಸಲ ಹೇಳಿದೆ. ಗೋಡೆ ಒಪ್ಪಿತು.

ಅಂದರೆ ಕಮ್ಮಾರನ ಮುಂದಿನ ಮಾತು ಬರೆಯುವವಳು ನಾನಲ್ಲ. ಅವನಿಗೆ ಮುಂದೆ ಮಾತಿದೆಯೋ ಇಲ್ಲವೋ, ಅದೂ ತಿಳಿಯುವುದಿಲ್ಲ. ಬಿಡುಗಡೆಯ ದಿನ ಮೈದುನನ ಪಕ್ಕದಲ್ಲಿ ಸೋಫಾ ತುದಿಗೆ ಕೂತು ಎಲ್ಲರ ಹಾಗೆ ಬಾಯಿ ತೆರೆದುಕೊಂಡು ನೋಡಬೇಕು. ನಾಳೆಯಿಂದ ವಾಟರ್ ಹೀಟರ್ ಕೈಪಿಡಿ. ನನಗೂ ಒಂದು ಥಿಯರಿ ಇದೆ ಈಗ. ಯಾರಿಗೂ ಹೇಳುವುದಿಲ್ಲ.

ಮೇಲ್‌ನ ಕಟ್ಟಕಡೆಗೆ, ಸಣ್ಣ ಅಕ್ಷರದಲ್ಲಿ, ಇನ್ನೊಂದು ವಿಷಯ. ಕನ್ನಡ ಸಬ್‌ಟೈಟಲ್ ತಾನಾಗಿ ಬರುವುದಿಲ್ಲವಂತೆ. ಮೊದಲಿಗೆ ಆಫ್ ಇರುತ್ತದಂತೆ. ಇಷ್ಟೆಲ್ಲ ಗುದ್ದಾಡಿ — ಆಫ್!

ಇದನ್ನು ಯಾರೂ ಓದುವುದಿಲ್ಲ, ಗೊತ್ತು. ಅಕಸ್ಮಾತ್ ಯಾರಾದರೂ ಓದಿದರೆ ಒಂದು ಚಿಕ್ಕ ಉಪಕಾರ. ಆಟ ಶುರು ಮಾಡುವ ಮುಂಚೆ ಸೆಟ್ಟಿಂಗ್ಸ್‌ಗೆ ಹೋಗಿ. ಅದರಲ್ಲಿ ಭಾಷೆ. ಪಟ್ಟಿಯಲ್ಲಿ ಕೆಳಗೆ, ಇನ್ನೂ ಕೆಳಗೆ, ಕನ್ನಡ ಅಂತ ಇರುತ್ತದೆ. ಅದನ್ನು ಆನ್ ಮಾಡಿ, ಅಕ್ಷರದ ಸೈಜು ಸ್ವಲ್ಪ ದೊಡ್ಡದಕ್ಕೆ ಇಟ್ಟುಕೊಳ್ಳಿ. ಗಣಿಯ ಹತ್ತಿರ ಬಂದಾಗ ಮಾತ್ರ ದಯವಿಟ್ಟು ಸ್ಕಿಪ್ ಒತ್ತಬೇಡಿ, ಆ ಸಾಲು ಇರುವುದೇ ಎರಡು ಸೆಕೆಂಡು, ಕಣ್ಣು ಮಿಟುಕಿಸಿದರೆ —