ದಾಸ್ ಯಾರು?

ಮನೆಯಿಂದ,
ಭಾನುವಾರ, ಮಾರ್ಚ್ ಒಂಬತ್ತು

ಪ್ರೀತಿಯ ಮಗಳೇ,

ಹೇಗಿದ್ದೀಯ? ಬೇಕರಿಯಲ್ಲಿ ನಿಂತು ನಿಂತು ಬರುತ್ತಿದ್ದ ಹಿಮ್ಮಡಿ ನೋವು ಕಡಿಮೆಯಾಯಿತೇ? ಬೆಳಗಿನ ಪಾಳಿ ಎಂದು ಖಾಲಿ ಹೊಟ್ಟೆಯಲ್ಲಿ ಓಡಬೇಡ. ಊರಿಗೆಲ್ಲ ಬ್ರೆಡ್ಡು ಮಾಡಿ ಹಾಕುವವಳು ತಾನು ಉಪವಾಸ ಇರುವುದು ಯಾವ ನ್ಯಾಯ? ನಾನು ಆರೋಗ್ಯವಾಗಿದ್ದೇನೆ. ಕಣ್ಣು ಸ್ವಲ್ಪ ಮಂಜು. ಸೂಜಿಗೆ ದಾರ ಪೋಣಿಸಲು ಈಗ ಕಿಟಕಿ ಹತ್ತಿರ ಹೋಗಬೇಕು, ಬಾಯಲ್ಲಿ ಒಂದೆರಡು ಬೈಗುಳವೂ ಬೇಕು. ಹೊಲಿಗೆ ಯಂತ್ರವನ್ನು ನಿನ್ನಪ್ಪನ ಮಂಚದ ಪಕ್ಕಕ್ಕೇ ಎಳೆದು ಹಾಕಿಕೊಂಡಿದ್ದೇನೆ. ಆ ಸದ್ದು ನಿಂತರೆ ಅವರು ಕಣ್ಣು ಬಿಟ್ಟು ನನ್ನನ್ನು ಹುಡುಕುತ್ತಾರೆ.

ಅವರಿಗೆ ಲಕ್ವ ಹೊಡೆದ ದಿನ ಫೋನ್ ಮಾಡಿದಾಗ ನೀನು "ನೋಡ್ತೀನಮ್ಮ" ಅಂದೆ. ಆಮೇಲೆ ನಾನೂ ಒತ್ತಾಯ ಮಾಡಲಿಲ್ಲ. ಬಲಗೈ, ಬಲಗಾಲು ಹಾಗೇ ಇವೆ. ಇನ್ನೊಂದು ಸಲ ಬಂದರೆ ಕಷ್ಟ ಎಂದು ಡಾಕ್ಟರು ಬಾಗಿಲಾಚೆ ಕರೆದು ಹೇಳಿದ್ದಾರೆ. ಆದರೆ ನನ್ನನ್ನು ಅಳಿಸುವುದು ಕೈಕಾಲಲ್ಲ, ಮಾತು. ಹೇಳಿದ್ದೆಲ್ಲ ಅವರಿಗೆ ತಿಳಿಯುತ್ತದೆ, ಹೆಸರುಗಳು ಮಾತ್ರ ಹೋಗಿಬಿಟ್ಟಿವೆ. ನೀರಿಗೆ ನೀರು ಎನ್ನಲಾರರು, ನನ್ನ ಹೆಸರು ಕರೆಯಲಾರರು. ಜೀವಮಾನವಿಡೀ ಮಕ್ಕಳಿಗೆ ಜರ್ಮನ್ ಕಲಿಸಿದ ಮೇಷ್ಟರ ಬಾಯಲ್ಲಿ ಮೊದಲ ವಾರ ಉಳಿದಿದ್ದು ಒಂದೇ ಶಬ್ದ, ದಾಸ್. ಅಷ್ಟು ಹೇಳಿ ನನ್ನ ಮುಖ ನೋಡುತ್ತಿದ್ದರು. ಯಾರೋ ದಾಸ್ ಎಂಬ ಹಳೆಯ ಸ್ನೇಹಿತನನ್ನು ನೋಡುವ ಆಸೆಯಿರಬೇಕು ಎಂದುಕೊಂಡು ನಾನು ಸಿಕ್ಕಸಿಕ್ಕವರನ್ನೆಲ್ಲ ವಿಚಾರಿಸಿದೆ. ಕೊನೆಗೆ ಅವರ ಜೊತೆ ಕೆಲಸ ಮಾಡಿದ ಗಣಿತದ ಮೇಷ್ಟರು ಬಂದು, ಮೊದಲು ನಕ್ಕು, ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡು ಹೇಳಿದರು: "ಅದು ಮನುಷ್ಯ ಅಲ್ಲಮ್ಮ, ವ್ಯಾಕರಣ."

ಜರ್ಮನ್‌ನಲ್ಲಿ ಪ್ರತಿ ಹೆಸರಿನ ಮುಂದೆಯೂ ಒಂದು ಬಾಲ ಇರುತ್ತದಂತಲ್ಲ, ದೇರ್, ದೀ, ದಾಸ್. ಬಾಲ ಹಿಂದಿರಬೇಕು, ಇವರದು ಮುಂದೆ. ಅವರಿಗೆ ಹೆಸರು ಮರೆತು ಬಾಲ ಮಾತ್ರ ಉಳಿದಿದೆ. ಅದಾದ ಮೇಲೆ ಅವರ ಹಳೆಯ ವಿದ್ಯಾರ್ಥಿನಿಯೊಬ್ಬಳು, ಈಗ ನರ್ಸ್, ಭಾನುವಾರ ಬಿ.ಪಿ. ನೋಡಲು ಬಂದಾಗ ನನಗೆ ಪಾಠ ಹೇಳಿಕೊಡುತ್ತಿದ್ದಾಳೆ. ಈ ವಯಸ್ಸಿನಲ್ಲಿ ನಾನು ಮೇಷ್ಟರ ಮನೆಯಲ್ಲೇ ಮೊದಲ ಬೆಂಚು. ನಿನಗೆ ನೆನಪಿದೆಯಲ್ಲ, ನೀನು ಚಿಕ್ಕವಳಿದ್ದಾಗ ಅವರು ಮನೆಯ ಸಾಮಾನಿಗೆಲ್ಲ ಬಣ್ಣದ ಚೀಟಿ ಅಂಟಿಸಿದ್ದು, ಸುಣ್ಣ ಹೊಡೆಸುವಾಗ ನಾನು ಕೆರೆದು ತೆಗೆದೆನೆಂದು ಮೂರು ದಿನ ಮುನಿಸಿಕೊಂಡಿದ್ದು? ಈಗ ನಾನೇ ನನ್ನ ಬಟ್ಟೆ ಚೂರುಗಳನ್ನು ಕಟ್ಟಿದ್ದೇನೆ. ಗಂಡು ಪದದ ದೇರ್‌ಗೆ ನೀಲಿ, ಹೆಣ್ಣು ಪದದ ದೀಗೆ ಕೆಂಪು, ಎರಡೂ ಅಲ್ಲದ ದಾಸ್‌ಗೆ ಹಸಿರು. ಕತ್ತರಿ ಹೆಣ್ಣಂತೆ, ಇರಲಿ, ಅದು ಸರಿ. ದಾರ ಗಂಡು, ಗುಂಡಿಯೂ ಗಂಡು. ಅವರ ಅಂಗಿ ಮಾತ್ರ ಗಂಡೂ ಅಲ್ಲ ಹೆಣ್ಣೂ ಅಲ್ಲ. ನಮ್ಮ ಭಾಷೆಯಲ್ಲಿ ಎಷ್ಟು ಸುಲಭ, ಅಂಗಿ ಹರಿಯಿತು, ಕತ್ತರಿ ಬಿತ್ತು, ಮುಗಿಯಿತು.

ನಗಬೇಡ, ಇದರಿಂದ ಕೆಲಸ ಆಗುತ್ತಿದೆ. ಮೊದಲ ಸಲ ಅವರು "ದೀ" ಎಂದಾಗ ನಾನು ಕೆಂಪು ಚೂರು ಕಟ್ಟಿದ್ದನ್ನೆಲ್ಲ ಒಂದೊಂದಾಗಿ ತೋರಿಸಿದೆ. ದೀಪ ಅಲ್ಲ, ಗಡಿಯಾರ ಅಲ್ಲ, ಕನ್ನಡಕ ಹಿಡಿದಾಗ ಹೌದೆಂದು ತಲೆ ಆಡಿಸಿದರು. ಇಬ್ಬರೂ ಅತ್ತೆವು. ಈಗ ದೇರ್ ಎಂದರೆ ಚಹಾನೋ ಚಮಚವೋ ಎಂದು ಬೇಗ ಗೊತ್ತಾಗುತ್ತದೆ. ದಾಸ್ ಒಂದೇ ನನಗೆ ಒಗಟಾಗಿ ಕೂತಿದೆ. ದಿನಕ್ಕೆ ಹತ್ತು ಸಲ ಕೇಳುತ್ತಾರೆ. ನೀರು ಕೊಟ್ಟರೆ ಬಾಯಿ ಮುಚ್ಚಿಕೊಳ್ಳುತ್ತಾರೆ. ಕಿಟಕಿ ತೆರೆದೆ, ದಿಂಬು ಬದಲಾಯಿಸಿದೆ, ಪುಸ್ತಕ ಹಿಡಿದೆ, ರೇಡಿಯೋ ಹಾಕಿದೆ, ಅಂಗಿಯನ್ನೂ ಬಿಚ್ಚಿ ಬೇರೆ ತೊಡಿಸಿದೆ. ಯಾವುದೂ ಅಲ್ಲ. ಮುಖ ಗೋಡೆ ಕಡೆ ತಿರುಗಿಸಿಕೊಂಡು ಮಗುವಿನಂತೆ ಬಿಕ್ಕುತ್ತಾರೆ. ಬೇಕಾದ್ದೊಂದು ಈ ಮನೆಯಲ್ಲೇ ಇದ್ದು, ಅದು ನನ್ನ ಕೈಗೆ ಸಿಗುತ್ತಿಲ್ಲವಲ್ಲ ಎಂದು ನನಗೆ ನಿದ್ದೆ ಹತ್ತುವುದಿಲ್ಲ.

ಅದಕ್ಕೇ ಈ ಕಾಗದ. ಈ ಭಾಷೆ ನಿನಗೆ ಬರುತ್ತದೆ. ಹೌದು, ಅದೇ ಭಾಷೆ ನಿನ್ನನ್ನು ಮನೆ ಬಿಡಿಸಿದ್ದು ಎಂದು ಗೊತ್ತು. ಅವರ ತರಗತಿ ಬಿಟ್ಟು ಬೇಕರಿ ಸೇರಿದ್ದು ಯಾಕೆಂದು ಮನಸ್ಸು ಬಿಚ್ಚಿ ನೀನು ಜರ್ಮನ್‌ನಲ್ಲಿ ಬರೆದ ಪತ್ರವನ್ನು ಅವರು ದೇರ್, ದೀ ತಿದ್ದಿ, ಕೆಂಪು ಶಾಯಿಯಲ್ಲಿ ಅಂಕ ಹಾಕಿ ವಾಪಸ್ ಕಳಿಸಿದರು. ಅಂಥ ಕೆಲಸ ಶತ್ರುವೂ ಮಾಡುವುದಿಲ್ಲ, ಮೇಷ್ಟರು ಮಾತ್ರ ಮಾಡುತ್ತಾರೆ. ನೀನು ಇನ್ನು ಆ ಹೊಸ್ತಿಲು ತುಳಿಯುವುದಿಲ್ಲ ಎಂದೆ, ಅವರು ಅವಳ ಸುದ್ದಿ ನನ್ನ ಮುಂದೆ ಎತ್ತಬೇಡ ಎಂದರು. ಇಂದಿಗೂ ನಾನು ಎತ್ತಿಲ್ಲ. ಇಬ್ಬರದೂ ಒಂದೇ ಅಚ್ಚು, ನಡುವೆ ಸವೆದವಳು ನಾನು. ಇರಲಿ, ಕೋಪ ನಿನ್ನಲ್ಲೇ ಇಟ್ಟುಕೋ. ಮನೆಯಲ್ಲಿ ಇರಬಹುದಾದ ದಾಸ್‌ಗಳನ್ನೆಲ್ಲ ನೆನಪು ಮಾಡಿಕೊಂಡು ಕನ್ನಡದಲ್ಲಿ ಅರ್ಥ ಬರೆದು ಕಳಿಸು. ಅವರಿಗಾಗಿ ಬೇಡ, ನನಗಾಗಿ.

ಮೈ ಕಡೆ ನೋಡಿಕೋ. ಒಲೆ ಬಿಸಿಯಿಂದ ನೇರ ತಣ್ಣೀರಿಗೆ ಕೈ ಹಾಕಬೇಡ. ನಿನ್ನ ಕೈ ಹಿಡಿದ ಕೆಲಸ ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ
ಅಮ್ಮ

ಮರೆತಿದ್ದು: ಲಕೋಟೆಗೆ ಅಂಟು ಹಚ್ಚುವಾಗ ನರ್ಸ್ ಬಂದಳು. ಇವತ್ತಿನ ಪಾಠ ಮನುಷ್ಯರದು. ಗಂಡಸು ದೇರ್, ಹೆಂಗಸು ದೀ, ಹುಡುಗಿ ದಾಸ್ ಎಂದಳು. ಹೆಣ್ಣುಮಗು ಏನು ಸಾಮಾನೇ ಎಂದು ನಾನು ರೇಗಿದೆ. ರೇಗಿದ ಮೇಲೆ ನೆನಪಾಯಿತು. ತರಗತಿ ಮುಗಿಸಿ ಬಂದವರೇ ಇವರು ಚಪ್ಪಲಿಯನ್ನೂ ಬಿಡದೆ "ಮಗು ಉಂಡಿತಾ? ಮಗು ಮಲಗಿತಾ?" ಎಂದು ಕೇಳುತ್ತಿದ್ದರಲ್ಲ. ಮಗುವನ್ನು ನಾವೂ ಹಾಗೇ ತಾನೇ ಅನ್ನುವುದು, ಅವಳು ಅಲ್ಲ, ಅದು. ಮಗಳು ಎಂಬ ಮಾತಿಗೆ ದೀ ಅಂತೆ, ಮಗುವಿಗೆ ದಾಸ್. ಇವರ ಪಾಲಿಗೆ ನೀನು ಅಷ್ಟು ದೊಡ್ಡವಳಾಗಿಲ್ಲ. ಹತ್ತಿರ ಹೋಗಿ, ಇಷ್ಟು ದಿನ ಎತ್ತದ ನಿನ್ನ ಹೆಸರು ಹೇಳಿದೆ. ಎಡಗೈಯಲ್ಲಿ ನನ್ನ ಸೆರಗು ಹಿಡಿದವರು ಇನ್ನೂ ಬಿಟ್ಟಿಲ್ಲ. ಇದನ್ನು ಹಾಗೇ ಮಂಚದ ಅಂಚಿನಲ್ಲಿ ಕೂತು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿವೆ. ಪದಗಳನ್ನು ಬರೆದು ಕಳಿಸಬೇಡ. ನೀನೇ ಬಾ ಕೂಸೇ, ಬೇಗ ಬಾ. ಏನು ಬೇಕಾದರೂ ತಪ್ಪಾಗಿ ಮಾತಾಡು, ಇನ್ನು ತಿದ್ದುವವರು ಯಾರೂ ಇಲ್ಲ.