ಎದುರಾಳಿಯ ವಾದ

ಏಪ್ರಿಲ್ ೨೧, ಮಂಗಳವಾರ. ಐರೋಲಿ.

ಈ ಮರಾಠಿ ಊರಿನಲ್ಲಿರುವ ನಮ್ಮ ಕನ್ನಡ ಶಾಲೆಯನ್ನು ಮುಚ್ಚಬಾರದೆಂದು ಬರೆದ ನನ್ನ ಮೊದಲ ಅಂಕಣ ಇಂದು ಅಚ್ಚಾಯಿತು. ಎದುರಾಳಿಯ ವಾದವನ್ನು ಅವನಿಗಿಂತ ಚೆನ್ನಾಗಿ ಹೇಳಿ, ಆಮೇಲೆ ಉತ್ತರ ಕೊಡಿ ಎಂದು ಸಂಪಾದಕರು ಕಲಿಸಿದ್ದರು. ಹಾಗೆಯೇ ಬರೆದಿದ್ದೆ: ಮೇಲೆ ಮುಚ್ಚಬೇಕೆನ್ನುವವರ ವಾದ, ಕೆಳಗೆ ನನ್ನ ಉತ್ತರ.

ಸಂಜೆ ಕೆಳಮನೆಯ ನಾಗವೇಣಿ ಬಂದಳು. ಅವಳ ಮಗಳೂ ಸೇರಿ ಆ ಶಾಲೆಯಲ್ಲಿ ಹನ್ನೊಂದು ಮಕ್ಕಳು ಉಳಿದಿದ್ದಾರೆ.

“ಛಲೋ ಬರ್ದೀರಿ ಕಾಕಾ. ಹತ್ತನೇದು ಆದಮ್ಯಾಲ ಕನ್ನಡದಾಗ ಇಲ್ಲಿ ಕಾಲೇಜೇ ಇಲ್ಲ ಅಂದೀರಲ್ಲ, ಕಣ್ಣು ತೆರೀತು. ಪೋರೀನ್ನ ಮರಾಠಿ ಶಾಳಾಕ್ಕ ಹಾಕ್ತೀನಿ.”

“ಕೆಳಗೆ ಉತ್ತರ ಕೊಟ್ಟಿದ್ದೆನಲ್ಲ, ಓದಲಿಲ್ವೇನಮ್ಮಾ?”

“ಓದೀನ್ರಿ. ಅದು ನಿಮ್ಮ ಆಸೆ. ಮ್ಯಾಲಿಂದು ಖರೇ.”

ಶಾಲೆ ಬಿಡಿಸುವ ಅರ್ಜಿಯನ್ನೂ ನನ್ನಿಂದಲೇ ಬರೆಸಿಕೊಂಡಳು. ಕಾರಣ ಬರೆಯುವಲ್ಲಿಗೆ ಬಂದಾಗ ಕಾಲೇಜಿಲ್ಲವೆಂಬ ಅಂಕಣದ ಅದೇ ವಾಕ್ಯವನ್ನು ಇಟ್ಟೆ. ಅದಕ್ಕಿಂತ ಒಳ್ಳೆಯ ವಾಕ್ಯ ನನ್ನಲ್ಲಿ ಇರಲಿಲ್ಲ.